ಹದಿನಾಲ್ಕನೆಯ ಕಂತು

ಮೈದಾ ಗೋಂದಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದರೆ ಒಂದು ವಾಸನೆ ಬರುತ್ತದೆ. ಹುಳ ಹಿಡಿಯದಿರಲಿ ಎಂದು ಪುಸ್ತಕ ಕಟ್ಟುವವರು ಹಾಗೆ ಮಾಡುತ್ತಾರೆ. ಕಳೆದ ವಾರ ವಿಜಯನಗರದ ಒಂದು ಬೈಂಡಿಂಗ್ ಅಂಗಡಿಯ ಮುಂದೆ ಆ ವಾಸನೆ ಮೂಗಿಗೆ ತಾಗಿತು. ನಾನು ಟೈಪ್ ಮಾಡಿದ ನೂರ ಎಂಬತ್ತು ಪುಟಗಳ ಐದು ಪ್ರತಿಗಳನ್ನು ಹೊಲಿಸಿ ರಟ್ಟು ಹಾಕಿಸಲು ಹೋಗಿದ್ದೆ. ಅಂಗಡಿಯವರು ಮೊದಲ ಪುಟವನ್ನು ನಿಂತೇ ಓದಿ, ಇದು ನಾನು ಬರೆದದ್ದೇ ಎಂದು ಕೇಳಿದರು. ಅಲ್ಲ ಎಂದೆ. "ಮತ್ತೆ ಯಾರು ಮೇಡಂ? ಹೆಸರೇ ಕೇಳಿಲ್ವಲ್ಲ" ಎಂದರು. ಯಾರೂ ಕೇಳಿಲ್ಲ ಎಂದು ಹೇಳಿ, ಗುರುವಾರ ಬಂದು ತೆಗೆದುಕೊಳ್ಳುತ್ತೇನೆಂದು ಹೊರಟೆ. ಗುರುವಾರ ಎಂದು ಬಾಯಿಗೆ ಬಂದದ್ದು ಹೋದ ವರ್ಷದ ಅಭ್ಯಾಸದಿಂದ.

ಹೋದ ವರ್ಷ ಆಷಾಢದಿಂದ ನವರಾತ್ರಿಯವರೆಗೆ ನಾನು ಪ್ರತಿ ಗುರುವಾರ ಮಧ್ಯಾಹ್ನ ಬಸವೇಶ್ವರನಗರದಿಂದ ರಾಜಾಜಿನಗರಕ್ಕೆ ನಡೆದು ಹೋಗುತ್ತಿದ್ದೆ. ಕೈಚೀಲದಲ್ಲಿ ಒಂದೇ ಪುಸ್ತಕ ಇರುತ್ತಿತ್ತು. ಅದು ಅಂಗಡಿಯಲ್ಲಿ ಎಂದೂ ಮಾರಾಟವಾದದ್ದಲ್ಲ. ನನ್ನ ಅಜ್ಜಿ ಮನೆಯಲ್ಲೇ ಕಟ್ಟಿದ್ದು. ವಾರಪತ್ರಿಕೆಯ ಧಾರಾವಾಹಿಗಳು ಮುಗಿಯುವವರೆಗೆ ಅಜ್ಜಿ ಆ ಹಾಳೆಗಳನ್ನು ಹರಿದು ಹಾಸಿಗೆಯ ಕೆಳಗೆ ಇಡುತ್ತಿದ್ದರಂತೆ. ಮುಗಿದ ಮೇಲೆ ದಬ್ಬಳದಿಂದ ತೂತು ಹಾಕಿ ಹೊಲಿದು, ಸೀರೆ ಡಬ್ಬಿಯ ರಟ್ಟನ್ನು ಗೋಂದಿನಲ್ಲಿ ಅಂಟಿಸುತ್ತಿದ್ದರಂತೆ. ಅಜ್ಜಿ ತೀರಿಕೊಂಡಾಗ ಅಂಥ ಹನ್ನೊಂದು ಪುಸ್ತಕಗಳು ನಮ್ಮ ಮನೆಗೆ ಬಂದವು. ಹತ್ತರಲ್ಲಿ ಇದ್ದದ್ದು ಸಂಸಾರದ ಕಥೆಗಳು. ಹನ್ನೊಂದನೆಯದು 'ನೆರಳಿನ ಚೀಟಿ'.

ನಾನು ಎಂ.ಎ. ಮುಗಿಸಿ ವಾರಪತ್ರಿಕೆಗಳ ಧಾರಾವಾಹಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಈ ಕಾದಂಬರಿಯ ಹೆಸರನ್ನು ಯಾವ ಪಟ್ಟಿಯಲ್ಲಿಯೂ ಕಂಡಿರಲಿಲ್ಲ. ಅದರಲ್ಲಿ ಬರುವ ಊರು ಬೆಂಗಳೂರೇ, ಹೆಸರು ಮಾತ್ರ ಇಲ್ಲ. ಮರಗಳೆಲ್ಲ ಹೋಗಿವೆ. ಬಿಸಿಲಿಗೆ ಜನ ಸಾಯತೊಡಗಿದಾಗ ಸರ್ಕಾರ ನೆರಳನ್ನು ಪಡಿತರಕ್ಕೆ ತರುತ್ತದೆ. ಒಬ್ಬೊಬ್ಬರಿಗೆ ದಿನಕ್ಕೆ ಇಷ್ಟು ಹೊತ್ತು ಇಂಥ ಗೋಡೆಯ ಪಕ್ಕ ಎಂದು ಚೀಟಿ. ಸ್ವಂತ ಕೊಡೆ ಬಿಚ್ಚಿದರೆ ಅಪರಾಧ. ಒಂದು ಕಂತಿನಲ್ಲಿ ಅಣ್ಣತಮ್ಮಂದಿರಿಬ್ಬರು ಮನೆಯ ಗೋಡೆಯ ನೆರಳನ್ನು ಪಾಲು ಮಾಡಿಕೊಳ್ಳುತ್ತಾರೆ. ಬೆಳಗಿನದು ಅಣ್ಣನಿಗೆ, ಸಂಜೆಯದು ತಮ್ಮನಿಗೆ, ನಡುಮಧ್ಯಾಹ್ನ ಇಬ್ಬರೂ ಬಿಸಿಲಿನಲ್ಲಿ ನಿಂತು ಜಗಳವಾಡುತ್ತಾರೆ. ನೆರಳು ಕಚೇರಿಯಲ್ಲಿ ಚೀಟಿಗೆ ಮುದ್ರೆ ಒತ್ತುವ ಗುಮಾಸ್ತೆಯ ಹೆಸರು ಗಿರಿಜೆ. ಊರಿನ ನಡುವೆ ಎತ್ತರದ ಗೋಡೆಯೊಳಗೆ ಕಡೆಯ ಮರವೊಂದು ಉಳಿದಿದೆ ಎಂದು ಎಲ್ಲರ ನಂಬಿಕೆ. ಆಯುಷ್ಯದಲ್ಲಿ ಒಂದು ದಿನ ಅದರ ಕೆಳಗೆ ಕೂರುವ ಸರದಿ ಬರುತ್ತದೆ. ಹೋಗಿ ಬಂದವರು ಕಂಡದ್ದನ್ನು ಹೇಳುವಂತಿಲ್ಲ. ಗಿರಿಜೆಯ ತಾಯಿಯ ಸರದಿ ಬಂದಾಗ ಆಕೆಗೆ ನಡೆಯಲು ಕಾಲಿಲ್ಲ. ನೀನೇ ಹೋಗಿ ನೋಡಿಬಂದು ಹೇಳು ಎಂದು ಮಗಳ ಕೈಗೆ ಚೀಟಿ ಕೊಡುತ್ತಾಳೆ.

ಒಂದು ಕಂತನ್ನು ಟೈಪ್ ಮಾಡಿ ಮುಗಿಸದೆ ಮುಂದಿನದನ್ನು ಓದಬಾರದೆಂದು ನಾನು ನಿಯಮ ಹಾಕಿಕೊಂಡಿದ್ದೆ. ಇಷ್ಟವಾದ ಪುಸ್ತಕಗಳನ್ನು ಹಾಗೆ ಉಳಿಸಿ ಉಳಿಸಿ ಓದುವುದು ನನಗೆ ಚಿಕ್ಕಂದಿನಿಂದ ಬಂದದ್ದು. ಮೂರನೆಯ ಕಂತಿನ ಕೊನೆಯಲ್ಲಿ ಲೇಖಕರ ಬಗ್ಗೆ ಎರಡು ಸಾಲು ಇದ್ದವು: ಹೆಸರು ಚನ್ನವೀರಪ್ಪ, ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಇನ್ಸ್‌ಪೆಕ್ಟರ್. ಆ ಕಾರ್ಖಾನೆಯ ಹಳೆಯ ಕನ್ನಡ ಸಂಘದವರನ್ನು ಹುಡುಕಿ ಕೇಳಿದೆ. ಇದ್ದಾರೆ ಎಂದರು. ವಿಳಾಸ ನಮ್ಮ ಮನೆಯಿಂದ ಅರ್ಧ ಗಂಟೆಯ ನಡಿಗೆಯ ದೂರ.

ಬಾಗಿಲು ತೆಗೆದವರು ಅವರ ಹೆಂಡತಿ ಶಾಂತಮ್ಮ. ದಾವಣಗೆರೆ ಕಡೆಯವರು, ಮದುವೆಯಾಗಿ ಬಂದಾಗಿನಿಂದ ಅದೇ ಬೀದಿಯಲ್ಲಿದ್ದವರು. ನಾನು ಬಂದ ಕಾರಣ ಹೇಳಿದಾಗ ಅವರಿಗೆ ನಗು ಬಂತು. "ಇವರು ಕಥೆ ಬರೀತಿದ್ದದ್ದು ನಿನಗೆ ಯಾರಮ್ಮ ಹೇಳಿದ್ದು? ನನಗೇ ಮರೆತುಹೋಗಿತ್ತು."

ಒಳಗೆ ಬೆತ್ತದ ಕುರ್ಚಿಯಲ್ಲಿ ಚನ್ನವೀರಪ್ಪನವರು ಕೂತಿದ್ದರು. ಸಕ್ಕರೆ ಕಾಯಿಲೆ ಮೊದಲು ಕಣ್ಣನ್ನು, ಆಮೇಲೆ ಕಿಡ್ನಿಯನ್ನು ತೆಗೆದುಕೊಂಡಿತ್ತು. ಮಂಗಳವಾರ, ಶುಕ್ರವಾರ ಡಯಾಲಿಸಿಸ್. ನಾನು ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟೆ. ಅವರು ಬೆನ್ನಿನ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿ, ಅಂಚುಗಳನ್ನು ಒತ್ತಿ ನೋಡಿ, ಯಾರು ಹೊಲಿದದ್ದು ಎಂದು ಕೇಳಿದರು. ನಮ್ಮಜ್ಜಿ ಎಂದೆ.

"ಪಾಸ್" ಎಂದರು.

ಆಮೇಲೆ ಕಡೆಯ ಕಂತು ಇದೆಯೇ ಎಂದು ಕೇಳಿದರು. ಪುಟ ತಿರುವಿ, ಹದಿನಾಲ್ಕನೆಯದು ಇದೆ, ಕೆಳಗೆ ಮುಗಿಯಿತು ಎಂದಿದೆ ಎಂದೆ. "ಓದ್ಬೇಡ" ಎಂದರು. ನಾನು ಮುಚ್ಚಿದೆ.

ಆ ಕಂತನ್ನು ಅವರೇ ಕಂಡಿರಲಿಲ್ಲ. ಹನ್ನೆರಡನೆಯ ಕಂತು ಅಚ್ಚಾದ ವಾರ ಸಂಪಾದಕರಿಂದ ಒಂದು ಕಾರ್ಡು ಬಂತಂತೆ: ಹೊಸ ಧಾರಾವಾಹಿ ಶುರುವಾಗಬೇಕಿದೆ, ಹದಿನಾಲ್ಕಕ್ಕೆ ಮುಗಿಸಿ, ಕಡೆಯದಕ್ಕೆ ಒಂದು ಪುಟ. ಅವರ ಲೆಕ್ಕದಲ್ಲಿ ಇನ್ನೂ ಆರು ಕಂತು ಬರೆಯುವುದಿತ್ತು. ಸಿಟ್ಟಿನಲ್ಲಿ ಎರಡು ಮುಕ್ತಾಯ ಬರೆದರು. ಒಂದರಲ್ಲಿ ಗಿರಿಜೆ ಗೋಡೆ ದಾಟಿ ಹೋದಾಗ ಒಳಗೆ ಮರ ಇರುತ್ತದೆ. ಇನ್ನೊಂದರಲ್ಲಿ ಇರುವುದಿಲ್ಲ. ಯಾವುದು ಬೇಕೋ ಹಾಕಿಕೊಳ್ಳಿ ಎಂದು ಚೀಟಿ ಬರೆದು ಎರಡನ್ನೂ ಅಂಚೆಗೆ ಹಾಕಿ, ಆ ವಾರದ ಪತ್ರಿಕೆಯನ್ನು ಕೊಳ್ಳಲೇ ಇಲ್ಲ. ಮೂರು ವರ್ಷ ಹಠ ಹಿಡಿದರು. ಹಠ ಇಳಿದು ಹುಡುಕಿದಾಗ ಆ ಸಂಚಿಕೆ ಎಲ್ಲಿಯೂ ಸಿಗಲಿಲ್ಲ. ಪತ್ರಿಕೆಯೂ ನಿಂತುಹೋಯಿತು. ಅವರು ಮತ್ತೆ ಏನನ್ನೂ ಬರೆಯಲಿಲ್ಲ.

ಹಾಗಿದ್ದರೆ ಈಗಲೇ ಕಡೆಯದನ್ನು ಓದಿಬಿಡಲೇ ಎಂದು ಕೇಳಿದೆ.

"ಬೇಡಮ್ಮ. ಮೊದಲಿಂದ ಓದು, ವಾರಕ್ಕೊಂದು. ನಡುವೆ ಏನು ಬರ್ದಿದೀನಿ ಅಂತಾನೇ ನೆನಪಿಲ್ಲ ನನಗೆ. ದಾರಿ ನಡೀದೆ ಬಾಗಿಲಿಗೆ ಬಂದ್ರೆ ಒಳಗೆ ಮರ ಇದ್ರೇನು, ಬಿಟ್ರೇನು?"

"ಇಷ್ಟು ವರ್ಷ ಮಾಡಿದ ಹಠ ಸಾಲ್ದಾ?" ಎಂದು ಶಾಂತಮ್ಮ ಅಡುಗೆಮನೆಯಿಂದ ಕೇಳಿದರು.

ಪತ್ರಿಕೆ ಬರುತ್ತಿದ್ದದ್ದು ಗುರುವಾರ. ಆದ್ದರಿಂದ ಓದುವುದೂ ಗುರುವಾರವೇ ಎಂದು ನಿಗದಿಯಾಯಿತು. ಮುಂದಿನ ಕಂತನ್ನು ಒಬ್ಬಳೇ ಓದುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಆ ವಾರ ಓದಿದ್ದನ್ನು ಮನೆಗೆ ಬಂದು ಟೈಪ್ ಮಾಡುವುದು, ಮುಂದಿನದನ್ನು ಮುಟ್ಟದಿರುವುದು. ಹಾಗಾಗಿ ಆ ಕಡೆಯ ಪುಟದ ಫೋಟೋ ಕೂಡ ನನ್ನ ಫೋನಿನಲ್ಲಿ ಇರಲಿಲ್ಲ.

ಆ ವರ್ಷ ಆಷಾಢದ ಜಿನುಗು ಶ್ರಾವಣದಲ್ಲಿಯೂ ನಿಲ್ಲಲಿಲ್ಲ. ಹೊರಗೆ ಮೋಡ ಕವಿದು, ರಸ್ತೆಯ ಹೊಂಗೆ ಮರಗಳಿಂದ ತೊಟ್ಟಿಕ್ಕುತ್ತಿರುವಾಗ, ಒಳಗೆ ನಾನು ಡಾಂಬರು ಕರಗಿ ಚಪ್ಪಲಿ ಅಂಟಿಕೊಳ್ಳುವ ಊರಿನ ಕಥೆ ಓದುತ್ತಿದ್ದೆ. ಚನ್ನವೀರಪ್ಪನವರು ಕಂಬಳಿ ಹೊದ್ದು ಕೇಳುತ್ತಿದ್ದರು. ಶಾಂತಮ್ಮ ನನಗೆ ಮಂಡಕ್ಕಿ ಒಗ್ಗರಣೆ ತಂದಿಡುತ್ತಿದ್ದರು. ಗಂಡನಿಗೆ ಮಾತ್ರ ಒಂದು ಸ್ಟೀಲ್ ಲೋಟದಲ್ಲಿ ಎರಡು ಗುಟುಕು ನೀರು. ದಿನಕ್ಕೆ ಇಷ್ಟೇ ಎಂದು ವೈದ್ಯರು ಗೆರೆ ಎಳೆದಿದ್ದರು. ಲೋಟವನ್ನು ಕೈಯಲ್ಲಿ ಹಿಡಿದು ಅವರು, "ನೋಡಮ್ಮ, ನೆರಳಿಗೆ ಕಾರ್ಡು ಮಾಡಿದವನಿಗೆ ನೀರಿಗೆ ಕಾರ್ಡು ಬಂತು" ಎನ್ನುತ್ತಿದ್ದರು. ಪ್ರತಿ ವಾರವೂ ಹೇಳುತ್ತಿದ್ದರು. ಪ್ರತಿ ವಾರವೂ ಶಾಂತಮ್ಮ, ಮಾತಾಡಿದಷ್ಟೂ ಬಾಯಾರ್ತದೆ, ಸುಮ್ಮನೆ ಕೇಳಿ ಎನ್ನುತ್ತಿದ್ದರು.

ಚನ್ನವೀರಪ್ಪನವರು ನನ್ನ ಬಗ್ಗೆ ಏನನ್ನೂ ಕೇಳಲಿಲ್ಲ. ನನಗೂ ಹೇಳಿಕೊಳ್ಳುವ ಅಭ್ಯಾಸವಿಲ್ಲ. ಓದುವಾಗ ಧ್ವನಿ ಸಣ್ಣದಾದರೆ, "ಜೋರಾಗಿ" ಎನ್ನುವರು. ಅಷ್ಟು ಜೋರಾಗಿ ನಾನು ಬೇರೆ ಯಾರ ಮುಂದೆಯೂ ಮಾತನಾಡಿದ್ದಿಲ್ಲ. ಅಣ್ಣತಮ್ಮಂದಿರ ಜಗಳದ ಕಂತಿನಲ್ಲಿ ಅವರು ನಕ್ಕು ನಕ್ಕು ಕೆಮ್ಮಿದರು. ಇದು ನಾನು ಬರೆದದ್ದೇ ಎಂದು ಎರಡು ಸಲ ಕೇಳಿದರು. ಇನ್ನೊಮ್ಮೆ ಒಂದು ಅಧ್ಯಾಯದ ಅರ್ಧದಲ್ಲಿ ನನ್ನನ್ನು ನಿಲ್ಲಿಸಿ, ಈ ಭಾಗ ಸಡಿಲ, ನಾನಾಗಿದ್ದರೆ ಈಗ ವಾಪಸ್ ಕಳಿಸುತ್ತಿದ್ದೆ ಎಂದರು. ಕಾರ್ಖಾನೆಯಲ್ಲಿ ಅವರ ಕೆಲಸ ತಯಾರಾದ ಭಾಗಗಳ ಅಳತೆ ನೋಡುವುದು. ಎರಡು ತುದಿಯ ಗೇಜು ಇರುತ್ತದಂತೆ. ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಮೂವತ್ತು ವರ್ಷ ಅದನ್ನೇ ಮಾಡಿದ್ದಾಗಿ ಹೇಳಿ, ಹೊರಗೆ ಕಳಿಸಿದ ಒಂದೇ ಒಂದು ಮಾಲಿನ ಫಲಿತಾಂಶ ಮಾತ್ರ ತಿಳಿಯದೆ ಉಳಿಯಿತು ಎಂದರು.

ಹತ್ತನೆಯ ವಾರ, ಯಾವ ಮುಕ್ತಾಯ ಅಚ್ಚಾಗಿರಬೇಕೆಂದು ನಿಮ್ಮ ಆಸೆ ಎಂದು ನಾನು ಕೇಳಿದೆ.

"ಮರ ಇಲ್ಲ ಅಂತ ಬರೆಯೋದು ಸುಲಭ ಆಯ್ತಮ್ಮ. ಹತ್ತು ನಿಮಿಷ. ಸಿಟ್ಟಲ್ಲಿದ್ನಲ್ಲ. ಮರ ಇದೆ ಅಂತ ಬರೆಯೋಕ್ಕೆ ಮೂರು ಸಲ ಹರಿದು ಹಾಕಿದೆ. ಎಷ್ಟು ದೊಡ್ಡ ಮರ ಬರೀಬೇಕು ಅಂತಾನೇ ತಿಳೀಲಿಲ್ಲ."

"ಹಾಗಾದ್ರೆ ಅದೇ ಚೆನ್ನಾಗಿತ್ತಾ ಸಾರ್?"

"ಅದೊಂದೇ ನಾನು ಬರೆದದ್ದು. ಉಳಿದದ್ದೆಲ್ಲ ಕಟ್ಟಿದ್ದು. ಆ ಸಂಪಾದಕನಿಗೆ ಅದು ಕಾಣಿಸ್ತೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕು."

ಹದಿಮೂರನೆಯ ಗುರುವಾರ ಗಿರಿಜೆ ಗೋಡೆಯ ಬಾಗಿಲಿಗೆ ಬಂದಳು. ಕಾವಲುಗಾರ ತಾಯಿಯ ಚೀಟಿಗೆ ಮುದ್ರೆ ಒತ್ತಿದ. ಬಾಗಿಲು ತೆರೆಯಿತು. ಕೆಳಗೆ ಸಶೇಷ ಎಂದಿತ್ತು. ಆ ದಿನ ಅವರ ಮುಖ ಊದಿಕೊಂಡಿತ್ತು, ಉಸಿರು ಸಣ್ಣದಾಗಿತ್ತು. ಉಳಿದದ್ದು ಒಂದೇ ಪುಟ, ಓದಿಬಿಡಲೇ ಎಂದೆ. ಮುಂದಿನ ಗುರುವಾರ ಏನು ಹಬ್ಬ ಎಂದು ಅವರು ಹೆಂಡತಿಯನ್ನು ಕೇಳಿದರು. ವಿಜಯದಶಮಿ ಎಂದು ಶಾಂತಮ್ಮ ಹೇಳಿದಾಗ, ಒಳ್ಳೆಯ ದಿನ, ಆವತ್ತೇ ಆಗಲಿ ಎಂದರು.

ನಮ್ಮ ಮನೆಯಲ್ಲಿ ಅಮ್ಮ ನವರಾತ್ರಿಗೆ ಗೊಂಬೆ ಕೂರಿಸುತ್ತಾರೆ. ಮೂಲಾ ನಕ್ಷತ್ರದ ದಿನ ಗೊಂಬೆಗಳ ಪಕ್ಕದಲ್ಲಿ ಮಣೆ ಹಾಕಿ, ಮನೆಯವರ ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟು, ರೇಷ್ಮೆ ವಸ್ತ್ರ ಹೊದಿಸಿ ಸರಸ್ವತಿಯನ್ನು ಆವಾಹನೆ ಮಾಡುತ್ತಾರೆ. ವಿಜಯದಶಮಿಯ ಬೆಳಿಗ್ಗೆ ವಿಸರ್ಜನೆಯಾಗುವವರೆಗೆ ಆ ಪುಸ್ತಕಗಳನ್ನು ಯಾರೂ ತೆಗೆಯುವುದಿಲ್ಲ, ಓದುವುದಿಲ್ಲ. ಆ ಸೋಮವಾರ ಅಮ್ಮ ತಾವು ಪಾಠ ಹೇಳುವ ಶಾಲೆಯ ಪುಸ್ತಕಗಳನ್ನು ಇಟ್ಟರು. ನಾನು ಹೋಗಿ ಅಜ್ಜಿ ಹೊಲಿದ ಪುಸ್ತಕವನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ. ಇಡು ಎಂದು ಯಾರೂ ಹೇಳಿರಲಿಲ್ಲ. ಆ ವರ್ಷ ನನ್ನ ಕೈಗೆ ಬಂದ ಪುಸ್ತಕಗಳಲ್ಲಿ ಅದಕ್ಕಿಂತ ದೊಡ್ಡದು ಇರಲಿಲ್ಲ. ಗುರುವಾರ ಬೆಳಿಗ್ಗೆ ಅದು ಹೊರಗೆ ಬರುತ್ತದೆ, ಮಧ್ಯಾಹ್ನ ಓದುತ್ತೇವೆ. ಎಲ್ಲ ಸರಿಯಾಗಿ ಕೂಡಿಬಂದಿದೆ ಎಂದೇ ಅಂದುಕೊಂಡೆ.

ಮಂಗಳವಾರ ಸಂಜೆ ಆರಕ್ಕೆ ಶಾಂತಮ್ಮನವರ ಫೋನು. ಡಯಾಲಿಸಿಸ್ ಅರ್ಧಕ್ಕೆ ನಿಲ್ಲಿಸಿದ್ದಾರೆ, ಆಸ್ಪತ್ರೆಯಲ್ಲೇ ಇರಿಸಿಕೊಂಡಿದ್ದಾರೆ, ಎಚ್ಚರವಿದೆ ಎಂದರು. "ಪುಸ್ತಕ, ಪುಸ್ತಕ ಅಂತಿದಾರಮ್ಮ. ಆ ಒಂದು ಹಾಳೆ ಓದಿ ಹೇಳೋಕಾಗ್ತದಾ?"

ಪುಸ್ತಕವನ್ನು ಪೂಜೆಗೆ ಇಟ್ಟಿದ್ದೇವೆ ಎಂದೆ.

"ಇಟ್ಟಿದೀರಾ? ಹಾಗಾದ್ರೆ ಬೇಡಮ್ಮ, ತೆಗೀಬಾರ್ದು. ಗುರುವಾರನೇ ಬಾ. ನಾನು ಅವರಿಗೆ ಹೇಳ್ತೀನಿ."

ಆಸ್ಪತ್ರೆ ನಮ್ಮ ಮನೆಯಿಂದ ಆಟೋದಲ್ಲಿ ಹದಿನೈದು ನಿಮಿಷ. ನಾನು ಹಾಲಿಗೆ ಬಂದು ಮಣೆಯ ಮುಂದೆ ನಿಂತೆ. ಗೊಂಬೆ ನೋಡಲು ಬಂದ ಹೆಂಗಸರಿಗೆ ಅಮ್ಮ ಕುಂಕುಮ ಕೊಡುತ್ತಿದ್ದರು. ಮಕ್ಕಳು ದೊನ್ನೆಯಲ್ಲಿ ಕಡಲೆ ಉಸಲಿ ತಿನ್ನುತ್ತಿದ್ದವು. ನಾನು ಪುಸ್ತಕ ತೆಗೆದುಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಮ್ಮನನ್ನು ಒಳಗೆ ಕರೆದು ಹೀಗೆ ಹೀಗೆ ಎಂದು ಹೇಳಬಹುದಿತ್ತು; ಅದಕ್ಕೆ ಚನ್ನವೀರಪ್ಪನವರು ಯಾರು, ನಾನು ಪ್ರತಿ ಗುರುವಾರ ಎಲ್ಲಿಗೆ ಹೋಗುತ್ತೇನೆ, ಅವರ ಈ ಪ್ರಶ್ನೆ ನನಗೇಕೆ ಅಷ್ಟು ದೊಡ್ಡದು ಎಂದು ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಲೈಬ್ರರಿ ಎಂದಷ್ಟೇ ಮನೆಯಲ್ಲಿ ಹೇಳಿದ್ದೆ. ವಸ್ತ್ರದ ಒಂದು ಅಂಚು ಜಾರಿತ್ತು. ಅದನ್ನು ಎಳೆದು ಸರಿಮಾಡಿ ಒಳಗೆ ಹೋದೆ.

ಬುಧವಾರ ಆಯುಧಪೂಜೆ. ಬೀದಿಯುದ್ದಕ್ಕೂ ಒಡೆದ ಬೂದುಗುಂಬಳ, ಆಟೋಗಳಿಗೆ ಬಾಳೆಕಂದು. ಮಧ್ಯಾಹ್ನ ಒಂದೂವರೆಗೆ ಶಾಂತಮ್ಮನವರ ತಮ್ಮನ ಮಗ ಫೋನು ಮಾಡಿ, ಹನ್ನೆರಡು ಗಂಟೆಗೆ ಹೋಗಿಬಿಟ್ಟರು ಎಂದ.

ಆಗ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ಕೈಯಲ್ಲಿದ್ದ ಹೂವನ್ನು ತಟ್ಟೆಗೆ ಹಾಕಿ ಕೂತರು. "ನಿನ್ನೆ ನನಗೊಂದು ಮಾತು ಹೇಳ್ಬಾರ್ದಿತ್ತೇನೇ? ನಾನೇ ತೆಗೆದುಕೊಡ್ತಿದ್ನಲ್ಲ. ದೇವರಿಗೆ ಕಾಯೋಕೆ ಗೊತ್ತು ಕಣೇ." ತೆಗೆದುಕೊಡುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಿರಲಿಲ್ಲ ಎಂಬುದಷ್ಟೇ ಗೊತ್ತು.

ಗುರುವಾರ ವಿಸರ್ಜನೆಯಾಯಿತು. ಆ ದಿನ ಪ್ರತಿಯೊಬ್ಬರೂ ತಮ್ಮ ಪುಸ್ತಕದಿಂದ ನಾಲ್ಕು ಸಾಲು ಓದುವುದು ನಮ್ಮ ಮನೆಯ ಪದ್ಧತಿ. ಅಮ್ಮ ಓದಿದರು. ನಾನು ಪುಸ್ತಕವನ್ನು ತೆರೆಯಲಿಲ್ಲ. ಒಬ್ಬಳೇ ಓದುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಮಾತು ಕೊಟ್ಟದ್ದು ಅವರಿಗೆ. ಈಗ ಯಾರ ಜೊತೆ ಓದಬೇಕೆಂದು ತಿಳಿಯಲಿಲ್ಲ.

ಹನ್ನೊಂದನೆಯ ದಿನ ಅವರ ಮನೆಯಲ್ಲಿ ಶಿವಗಣಾರಾಧನೆ. ಊಟ ಮುಗಿಸಿ ನೆಂಟರೆಲ್ಲ ಹೋದ ಮೇಲೆ, ನಾಲ್ಕು ಗಂಟೆಗೆ ಹೋದೆ. ಶಾಂತಮ್ಮ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನಾನು ಏನಾದರೂ ಹೇಳುವ ಮೊದಲೇ, ಆ ಮಂಗಳವಾರದ ಮಾತು ತೆಗೆದರು. ಪುಸ್ತಕ ಪೂಜೆಯಲ್ಲಿದೆ ಎಂದು ಹೇಳಿದಾಗ ಚನ್ನವೀರಪ್ಪನವರು ನಕ್ಕರಂತೆ. ನನ್ನ ಕಥೆಗೆ ಪೂಜೆಯಾ ಎಂದರಂತೆ. ಆಮೇಲೆ ಗುರುವಾರಕ್ಕೆ ಇನ್ನೆಷ್ಟು ಹೊತ್ತು ಎಂದು ಮತ್ತೆ ಮತ್ತೆ ಕೇಳಿದರಂತೆ. ಬೆಳಿಗ್ಗೆಯೂ ಕೇಳಿದರಂತೆ.

"ತಂದಿದೀಯಾ? ಓದಮ್ಮ. ನಾನಾದ್ರೂ ಕೇಳ್ತೀನಿ" ಎಂದರು.

ಓದಿದೆ. ಜೋರಾಗಿಯೇ ಓದಿದೆ.

ಒಳಗೆ ಮರ ಇತ್ತು. ದೊಡ್ಡದೇನಲ್ಲ. ಅರ್ಧ ಒಣಗಿದ ಹೊಂಗೆ. ನೆರಳು ಒಂದು ಚಾಪೆಯಗಲ. ಅದರಲ್ಲಿ ಮುದುಕನೊಬ್ಬ ಕೂತಿದ್ದ. ಗಿರಿಜೆಯನ್ನು ಕಂಡು ಜರುಗಿ ಜಾಗ ಮಾಡಿಕೊಟ್ಟ. ಇಷ್ಟೇನಾ ಎಂದು ಅವಳು ಕೇಳಿದಳು. ಇಷ್ಟೇ, ಆದರೆ ಇದು ಸರಿಯುತ್ತಾ ಇರುತ್ತೆ, ನಾವೂ ಸರಿಯುತ್ತಾ ಇರಬೇಕು ಎಂದ. ಅವಳು ಕೂರಲಿಲ್ಲ. ಬಿದ್ದಿದ್ದ ಹೊಂಗೆಕಾಯಿಗಳನ್ನು ಆರಿಸಿ, ತಾಯಿಗೆ ತೋರಿಸಲು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಳು. ಸಂಪಾದಕರು ಒಂದು ಸಾಲನ್ನೂ ಕಡಿದಂತೆ ಕಾಣಲಿಲ್ಲ. ಓದಲು ಐದು ನಿಮಿಷ ಹಿಡಿಯಿತು.

ಮುಗಿಯಿತು ಎಂಬುದರ ಕೆಳಗೆ, ಒಂದು ಚೌಕದೊಳಗೆ, ಸಣ್ಣ ಅಕ್ಷರದಲ್ಲಿ ಸಂಪಾದಕರ ಮಾತಿತ್ತು. ಅದನ್ನೂ ಓದಿದೆ. 'ಸ್ಥಳಾಭಾವದಿಂದ ಈ ಕೃತಿಯನ್ನು ಅವಸರದಲ್ಲಿ ಮುಗಿಸುವಂತೆ ಕೇಳಬೇಕಾಯಿತು. ಅದು ನಮ್ಮ ತಪ್ಪು. ಲೇಖಕರಲ್ಲಿ ಕ್ಷಮೆ ಕೋರುತ್ತೇವೆ. ಇಂಥ ಮುಕ್ತಾಯವನ್ನು ಬರೆಯಬಲ್ಲವರು ಮುಂದಿನ ಕಾದಂಬರಿಯನ್ನೂ ನಮಗೇ ಕೊಡಲಿ ಎಂದು ಕಾಯುತ್ತೇವೆ.'

ಶಾಂತಮ್ಮ, ಇನ್ನೊಂದು ಸಲ ಓದು ಎಂದರು. ಚೌಕದೊಳಗಿನದನ್ನು ಇನ್ನೊಂದು ಸಲ ಓದಿದೆ.

"ಕ್ಷಮೆ ಅಂತ ಹಾಕಿದಾರಾ? 	ಅಚ್ಚಲ್ಲಿ?"

"ಹೌದಮ್ಮಾ."

ಅವರು ಬೆರಳಿನಿಂದ ಆ ಚೌಕವನ್ನು ಮುಟ್ಟಿ ನೋಡಿದರು. ಹೊರಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಆಮೇಲೆ, ಆಪಾದನೆಯೇನೂ ಇಲ್ಲದ ಧ್ವನಿಯಲ್ಲಿ, ತಿಳಿದುಕೊಳ್ಳಬೇಕೆಂದೇ ಕೇಳುವವರ ಹಾಗೆ, "ಪೂಜೆಗೆ ಇಟ್ಟ ಪುಸ್ತಕ ತೆಗೆದ್ರೆ ಏನಾಗ್ತದಮ್ಮ?" ಎಂದರು.

"ವಿದ್ಯೆ ಹತ್ತಲ್ಲ ಅಂತಾರೆ."

ಅವರು ತಲೆಯಾಡಿಸಿದರು.

"ನಾನು ನಾಲ್ಕನೇ ಕ್ಲಾಸು. ಈ ವಯಸ್ಸಲ್ಲಿ ನನಗೆ ಇನ್ಯಾವ ವಿದ್ಯೆ ಹತ್ತಬೇಕಿತ್ತು? ಬೇಡ ಅಂತ ನಾನೂ ಅಂದ್ಬಿಟ್ಟೆ ನೋಡು. ಒಂದು ಆಟೋ ಹಿಡಿದು ನಿಮ್ಮನೆಗೆ ಬಂದು, ನಾನೇ ತೆಗೀಬಹುದಿತ್ತು."